ಮಂಜಿಗೆ ಯಾವ ಬಣ್ಣ ಇಷ್ಟ?

ನಮ್ಮ ಗೆಳೆಯರೊಬ್ಬರ ಕಾರಿನ ಬಂಪರ್‌ನಲ್ಲಿ ಎಡಗಡೆ ಹಳದಿ ಫಾಗ್ ಲೈಟ್, ಬಲಗಡೆ ಬಿಳಿ ಫಾಗ್ ಲೈಟ್ ಇದೆ. ಒಂದು ಸುಟ್ಟುಹೋಗಿ ಕೈಗೆ ಸಿಕ್ಕಿದ್ದನ್ನು ಹಾಕಿಸಿರಬೇಕು ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲ, ಅದು ರಾಜಿ ಪಂಚಾಯಿತಿ. ಗೆಳೆಯರದ್ದು ಹಳದಿ ಪಕ್ಷ, ಅವರ ಭಾವಮೈದುನನದ್ದು ಬಿಳಿ ಪಕ್ಷ. ಕಾರು ಇಬ್ಬರದ್ದೂ ಸೇರಿದ್ದು. ಮೂರು ತಿಂಗಳು ಮಾತು ಬಿಟ್ಟಿದ್ದರು. ಕೊನೆಗೆ ಮನೆಯವರೆಲ್ಲ ಕೂತು, ಆಸ್ತಿ ಪಾಲು ಮಾಡಿದ ಹಾಗೆ ಬಂಪರ್ ಪಾಲು ಮಾಡಿಕೊಟ್ಟರು. ಜೋಡಿ ದೀಪ ಎರಡೂ ಒಂದೇ ಬಣ್ಣ ಇರಬೇಕು ಅನ್ನುವ ನಿಯಮವನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಇವರಿಬ್ಬರೇ ಅಂತಲ್ಲ. ಡ್ರೈವಿಂಗ್ ಬರುವ ನಾಲ್ಕು ಜನರ ಮಧ್ಯೆ ಕೂತು ಸುಮ್ನೆ 'ಮಂಜಿಗೆ ಯಾವ ಲೈಟ್ ಒಳ್ಳೇದು?' ಅಂತ ಕೇಳಿ ನೋಡಿ. ಆಮೇಲೆ ನೀವು ಎದ್ದು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಳದಿ ಪಕ್ಷದವರ ಹತ್ತಿರ ವಿಜ್ಞಾನ ಇದೆ. ಗೆಳೆಯರು ಗಂಟಲು ಸರಿಮಾಡಿಕೊಂಡು 'ತರಂಗಾಂತರ' ಅಂತ ಶುರು ಮಾಡುತ್ತಾರೆ. ನೀಲಿ ಬೆಳಕಿನ ಅಲೆ ಗಿಡ್ಡ, ಅದು ಚದುರುತ್ತದೆ. ಹಳದಿಯ ಅಲೆ ಉದ್ದ, ಅದು ಮಂಜನ್ನು ಸೀಳಿಕೊಂಡು ಹೋಗುತ್ತದೆ. ಆಕಾಶ ನೀಲಿ ಕಾಣುವುದು ಇದೇ ಕಾರಣಕ್ಕಲ್ವಾ?

ಆಕಾಶದ ವಿಷಯ ಸರಿ. ಇಂಗ್ಲೆಂಡಿನ ಭೌತವಿಜ್ಞಾನಿ ರಾಲೀ 1871ರಲ್ಲೇ ಅದರ ಲೆಕ್ಕ ಕೊಟ್ಟಿದ್ದಾರೆ. ಆದರೆ ಅದು ಗಾಳಿಯ ಅಣುವಿನ ಲೆಕ್ಕ, ಬೆಳಕಿನ ಅಲೆಗಿಂತ ತುಂಬಾ ಚಿಕ್ಕ ಕಣಗಳದ್ದು. ಮಂಜು ಅಂದರೆ ನೀರಿನ ಹನಿ. ಒಂದು ಹನಿ ಹತ್ತು ಮೈಕ್ರೋಮೀಟರ್ ಆಸುಪಾಸು ಇರುತ್ತದೆ. ಹಳದಿ ಬೆಳಕಿನ ಅಲೆ 0.58, ನೀಲಿಯದ್ದು 0.45. ಆನೆ ಎದುರು ಕೆಂಜಿರುವೆ ಬಂದರೇನು, ಕಟ್ಟಿರುವೆ ಬಂದರೇನು? ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತದೆ. ಇದಕ್ಕೆ ಪ್ರಯೋಗಾಲಯವೇನೂ ಬೇಡ. ಬೆಳಿಗ್ಗೆ ಕಿಟಕಿ ತೆಗೆದು ನೋಡಿದರೆ ಮಂಜು ಬೆಳ್ಳಗಿರುತ್ತದೆ. ನೀಲಿಯನ್ನೇ ಹುಡುಕಿ ಚದುರಿಸುತ್ತಿದ್ದರೆ ಅದೂ ಆಕಾಶದ ಹಾಗೆ ನೀಲಿ ಇರಬೇಕಿತ್ತು.

ಗೆಳೆಯರ ಕೊನೆಯ ಬಾಣ ಫ್ರಾನ್ಸ್. 1930ರ ದಶಕದ ಕೊನೆಯಿಂದ 1993ರವರೆಗೆ ಅಲ್ಲಿ ಹೆಡ್‌ಲೈಟೇ ಹಳದಿ ಇರಬೇಕು ಅಂತ ಕಾನೂನಿತ್ತು, ನಿಜ. ಅರ್ಧ ಶತಮಾನ ಒಂದಿಡೀ ದೇಶ ಹಳದಿ ಬೆಳಕಲ್ಲಿ ಓಡಾಡಿತು. ಆಮೇಲೆ ಯುರೋಪಿನ ನಿಯಮಗಳೆಲ್ಲ ಒಂದಾದಾಗ, ಹೊಸ ಗಾಡಿಗಳು ಅಕ್ಕಪಕ್ಕದ ದೇಶಗಳ ಹಾಗೆ ಬಿಳಿ ದೀಪ ಹಾಕಿಕೊಂಡು ಬಂದವು. ಹಳದಿಯಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಿಳಿಯಿಂದ ನೀಲಿಯನ್ನು ಸೋಸಿ ತೆಗೆದರೆ ಈ ಹಳದಿ ಸಿಗುತ್ತದೆ. ಕೆಲವರ ಕಣ್ಣಿಗೆ ಅದು ಹಿತ, ಚುಚ್ಚುವುದಿಲ್ಲ. ಸೋಸಿದ್ದಕ್ಕೆ ಒಂದಿಷ್ಟು ಬೆಳಕೂ ಹೋಗುತ್ತದೆ. ಇಷ್ಟೇ ವಿಷಯ. ಇಷ್ಟಕ್ಕೆ ಭಾವಮೈದುನನ ಜೊತೆ ಮಾತು ಬಿಡಬೇಕಾ?

ಇನ್ನೊಂದು ಪಕ್ಷವಿದೆ, ನೀಲಿ ಪಕ್ಷ. ಇವರ ಪಾಲಿಗೆ ಕೆಲ್ವಿನ್ ಅಂದರೆ ಕುದುರೆ ಶಕ್ತಿ ಇದ್ದ ಹಾಗೆ. ಸಾದಾ ಹ್ಯಾಲೊಜೆನ್ ಬಲ್ಬ್ 3200 ಕೆಲ್ವಿನ್ ಸುತ್ತಮುತ್ತ ಇದ್ದರೆ, 'ನಂದು ಎಂಟು ಸಾವಿರ!' ಅಂತ ಎದೆ ಉಬ್ಬಿಸುತ್ತಾರೆ. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣವನ್ನು, ಪ್ರಮಾಣವನ್ನಲ್ಲ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ತಿರುಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ಇವರಿಗೆ ದಾರಿ ಜಾಸ್ತಿ ಕಾಣುವುದಿಲ್ಲ, ಎದುರು ಬರುವವನಿಗೆ ಮಾತ್ರ ಇವರು ಜಾಸ್ತಿ ಕಾಣುತ್ತಾರೆ. ಬಹುಶಃ ಬೇಕಾಗಿರುವುದೂ ಅದೇ.

ಅಂತರರಾಷ್ಟ್ರೀಯ ನಿಯಮ ಮಾಡಿದವರು ಈ ಜಗಳದಿಂದ ಆರಾಮಾಗಿ ಜಾರಿಕೊಂಡಿದ್ದಾರೆ. ವಿಶ್ವಸಂಸ್ಥೆಯ ವಾಹನ ನಿಯಮದಲ್ಲಿ ಮುಂದಿನ ಫಾಗ್ ಲೈಟ್ ಬಿಳಿಯಾದರೂ ಸರಿ, ಹಳದಿಯಾದರೂ ಸರಿ. ಅವರು ಹಟ ಹಿಡಿದಿರುವುದು ಬೇರೆ ಕಡೆ. ಕಾರಿನಲ್ಲಿ ದೀಪ ನೆಲದಿಂದ 80 ಸೆಂಟಿಮೀಟರ್‌ಗಿಂತ ಮೇಲೆ ಇರಬಾರದು, 25ಕ್ಕಿಂತ ಕೆಳಗೂ ಇಳಿಯಬಾರದು. ಬೆಳಕು ಅಗಲವಾಗಿ ಹರಡಬೇಕು, ಮೇಲುಗಡೆ ಗೆರೆ ಎಳೆದ ಹಾಗೆ ಕತ್ತರಿಸಿರಬೇಕು. ಕಣ್ಣಿನ ಮುಂದಿರುವ ಮಂಜಿಗೆ ಬೆಳಕು ಬಿದ್ದರೆ ಅದು ವಾಪಸ್ ಬಂದು ಕಣ್ಣಿಗೇ ರಾಚುತ್ತದೆ. ಅದಕ್ಕೇ ದೀಪ ಕೆಳಗಿದ್ದು ರಸ್ತೆ ನೋಡಬೇಕು. ಇದನ್ನು ಓದಿದ ನಮ್ಮ ಜನ ಏನು ಮಾಡುತ್ತಾರೆ? ಓದುವುದಿಲ್ಲ. ಕಾರಿನ ನೆತ್ತಿಯ ಮೇಲೆ ಸಾಲಾಗಿ ಆರು ದೀಪ ಹಾಕಿಸುತ್ತಾರೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡವರು ಫಾಗ್ ಲೈಟ್ ಹಾಕುವುದು ಯಾವಾಗ? ಹುಣ್ಣಿಮೆ ರಾತ್ರಿ, ನಕ್ಷತ್ರ ಎಣಿಸುವಷ್ಟು ಆಕಾಶ ಶುಭ್ರವಾಗಿದ್ದಾಗ. ಜರ್ಮನಿಯಲ್ಲಿ ಹಿಂದಿನ ಕೆಂಪು ಫಾಗ್ ಲೈಟನ್ನು ಮಂಜಿನಿಂದಾಗಿ 50 ಮೀಟರ್ ಆಚೆ ಏನೂ ಕಾಣದಿದ್ದಾಗ ಮಾತ್ರ ಹಾಕಬಹುದು. ಅಷ್ಟು ಕಮ್ಮಿ ಕಾಣುವಾಗ ವೇಗವೂ ಗಂಟೆಗೆ 50 ಕಿಲೋಮೀಟರ್ ದಾಟಬಾರದು. ಎಂಥಾ ಅನ್ಯಾಯ ನೋಡಿ, ದೀಪದ ಜೊತೆ ಕಾಲಿಗೂ ಕಾನೂನು ಕಟ್ಟಿಬಿಟ್ಟಿದ್ದಾರೆ.

ಕಾಲಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಹೋದ ಚಳಿಗಾಲ ಇದೇ ಗೆಳೆಯರ ಜೊತೆ ಬೆಳಗಿನ ಜಾವ ಹೊರಟಿದ್ದೆ. ದಾರಿಯಲ್ಲಿ ಮಂಜು ಮುತ್ತಿಕೊಂಡಿತು. ಅವರು ಮೊದಲು ಮಾಡಿದ ಕೆಲಸ ಹೈ ಬೀಮ್ ಹಾಕಿದ್ದು. ಎದುರಿಗೆ ಬಿಳಿ ಗೋಡೆ ಎದ್ದಿತು. ಎರಡನೆಯದು, ನಾಲ್ಕೂ ಇಂಡಿಕೇಟರ್ ಹಾಕಿದ್ದು. ಇನ್ನು ನಾವು ಎಡಕ್ಕೆ ತಿರುಗುತ್ತೇವೋ ಬಲಕ್ಕೋ ದೇವರಿಗೇ ಗೊತ್ತು. ಮೂರನೆಯದು, ಸ್ಟೀರಿಂಗ್ ಮೇಲೆ ಆಮೆ ಥರ ಕತ್ತು ಚಾಚಿದ್ದು. ಕಾಲು ಮಾತ್ರ ಅಲ್ಲಾಡಲಿಲ್ಲ. ಮುಳ್ಳು 80ರಲ್ಲೇ ಇತ್ತು.

'ನಿಧಾನ ಮಾಡ್ರೀ' ಅಂದೆ.

'ಹಳದಿ ಇದೆಯಲ್ಲ' ಅಂದರು.

80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಕಂಡು, ಅದೇನು ಅಂತ ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. 33 ಮೀಟರ್ ಆಯಿತು. ನಮಗೆ ಕಾಣುತ್ತಿದ್ದದ್ದು ಹೆಚ್ಚೆಂದರೆ 30. ಅಂದರೆ ಗುದ್ದಿದ ಮೇಲೆ ಬ್ರೇಕ್ ಹಾಕುವ ವ್ಯವಸ್ಥೆ. ಈ ಲೆಕ್ಕವನ್ನು ಗಟ್ಟಿಯಾಗಿ ಹೇಳಿದ್ದಕ್ಕೋ, ನನ್ನ ಮುಖ ನೋಡಿಯೋ, ರಸ್ತೆ ಬಿಟ್ಟು ಒಳಗಿದ್ದ ಒಂದು ಬಯಲಲ್ಲಿ ಅವರು ಕಾರು ನಿಲ್ಲಿಸಿದರು. ಭಯದಿಂದ ಅಲ್ಲವಂತೆ, ಪ್ರಯೋಗಕ್ಕಂತೆ.

ನನ್ನನ್ನು ಡ್ರೈವರ್ ಸೀಟಲ್ಲಿ ಕೂರಿಸಿ, ಹೆಡ್‌ಲೈಟ್ ಆರಿಸಿ, ಒಂದು ರಟ್ಟು ಹಿಡಿದು ಮುಂದೆ ಹೋದರು. ಬಿಳಿ ದೀಪಕ್ಕೆ ರಟ್ಟು ಅಡ್ಡ ಇಟ್ಟು ಕೂಗಿದರು, 'ಈಗ ಏನು ಕಾಣುತ್ತೆ?'

'ಮಂಜು.'

ರಟ್ಟು ಹಳದಿ ದೀಪದ ಮುಂದೆ ಬಂತು. 'ಈಗ?'

'ಮಂಜೇ.'

'ಸರಿಯಾಗಿ ನೋಡಿ ಹೇಳ್ರೀ!'

ಕಣ್ಣಿನ ಡಾಕ್ಟರ ಹತ್ತಿರ ಕೂತ ಹಾಗಾಯಿತು. ಐದನೇ ಸಲಕ್ಕೋ ಆರನೇ ಸಲಕ್ಕೋ ಮಂಜಿನೊಳಗಿಂದ ಒಬ್ಬ ಮುದುಕ ನಡೆದು ಬಂದ. ಕೈಯಲ್ಲೊಂದು ಟಾರ್ಚ್. ಅದನ್ನು ಸೊಂಟದಿಂದ ಕೆಳಗೆ, ಪಾದದ ಮುಂದಿನ ಎರಡು ಹೆಜ್ಜೆಯ ನೆಲಕ್ಕೆ ಹಿಡಿದಿದ್ದ.

'ಗಾಡಿ ಕೆಟ್ಟಿದೆಯಾ ಸ್ವಾಮಿ?'

'ಇಲ್ಲ, ಯಾವ ಬಣ್ಣ ಒಳ್ಳೇದು ಅಂತ ನೋಡ್ತಿದ್ದೀವಿ' ಅಂದರು ಗೆಳೆಯರು, ರಟ್ಟು ಹಿಡಿದುಕೊಂಡೇ.

ಮುದುಕ ಬಗ್ಗಿ ಎರಡೂ ದೀಪಕ್ಕೆ ಟಾರ್ಚ್ ಬಿಟ್ಟ. ಎಡಗಡೆಯದರ ಗಾಜಿನ ಮೇಲೆ ಬೆರಳು ಎಳೆದ. ದಪ್ಪ ಕೆಸರಿನ ನಡುವೆ ಒಂದು ಗೆರೆ ಮೂಡಿತು. ಬಲಗಡೆಯದಕ್ಕೂ ಎಳೆದ. ಅಲ್ಲೂ ಮೂಡಿತು.

'ಎರಡೂ ಒಂದೇ ಬಣ್ಣ ಇದೆಯಲ್ಲ' ಅಂತ ಬೆರಳನ್ನು ಪಂಚೆಗೆ ಒರೆಸಿಕೊಂಡು, ಬಂದಷ್ಟೇ ನಿಧಾನವಾಗಿ ಹೊರಟುಹೋದ.

ಈ ಕತೆ ಕೇಳಿದ ಭಾವಮೈದುನನಿಗೆ ಈಗ ಒಂದೇ ಯೋಚನೆ. ಆ ಟಾರ್ಚ್ ಬಿಳಿಯೋ ಹಳದಿಯೋ? ನನಗೆ ನೆನಪಿಲ್ಲ. ಗೆಳೆಯರು ಹಳದಿ ಅಂತ ಆಣೆ ಮಾಡುತ್ತಿದ್ದಾರೆ. ಇಬ್ಬರೂ ಮತ್ತೆ ಮಾತು ಬಿಟ್ಟಿದ್ದಾರೆ.