ಸಿಗದೇ ಉಳಿದ ಕಡತಗಳ ಲೆಕ್ಕ

“ಇನ್ನು ವಿಷಯಸೂಚಿ ಯಾರಿಗೆ ಬೇಕು? ಯಂತ್ರಕ್ಕೇ ಅರ್ಥವಾಗುತ್ತದಲ್ಲ!” ಎಂಬ ಮಾತು ಇತ್ತೀಚೆಗೆ ಹೋದಲ್ಲೆಲ್ಲ ಕಿವಿಗೆ ಬೀಳುತ್ತಿದೆ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸಿ, ಅದರ ಮೇಲೊಂದು ಹುಡುಕುವ ತಂತ್ರಾಂಶ ಕೂರಿಸಿ, ಪ್ರಶ್ನೆಯನ್ನು ಮಾತನಾಡಿದ ಹಾಗೆಯೇ ಟೈಪ್ ಮಾಡಿದರೆ ಬೇಕಾದ ಕಡತ ಎದುರಿಗೆ ಬಂದು ನಿಲ್ಲುತ್ತದೆ ಎಂದು ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ಬಂದು ನಿಲ್ಲುವುದೂ ನಿಜವೇ. ಬಂದ ಕಡತದ ಬಗ್ಗೆ ನನ್ನ ತಕರಾರಿಲ್ಲ. ಬಾರದೇ ಒಳಗೇ ಉಳಿದವು ಎಷ್ಟು ಎಂದು ಯಾರೂ ಕೇಳುವುದಿಲ್ಲವಲ್ಲ, ಅದರ ಬಗ್ಗೆ ತಕರಾರು.

ಇದಕ್ಕೆ ನಲವತ್ತು ವರ್ಷ ಹಳೆಯ ಆಧಾರವೊಂದಿದೆ. ಅಮೆರಿಕದ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮೇರನ್ 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಕಂಪನಿಯೊಂದರ ಮೇಲೆ ದಾವೆ ಬಿದ್ದಿತ್ತು. ಕಂಪನಿಯ ಪರ ವಕೀಲರು ಸುಮಾರು 40,000 ದಾಖಲೆಗಳನ್ನು, ಪುಟದ ಲೆಕ್ಕದಲ್ಲಿ ಮೂರೂವರೆ ಲಕ್ಷದಷ್ಟನ್ನು, ಐಬಿಎಂ ಕಂಪನಿಯ ‘ಸ್ಟೇರ್ಸ್’ ಎಂಬ ವ್ಯವಸ್ಥೆಗೆ ತುಂಬಿಸಿದ್ದರು. ಪ್ರತಿಯೊಂದು ಪದವನ್ನೂ ಹುಡುಕಬಹುದಿತ್ತು. ಸಂಬಂಧಪಟ್ಟ ದಾಖಲೆಗಳಲ್ಲಿ ಕನಿಷ್ಠ ಶೇ 75 ಸಿಗಲೇಬೇಕು, ಇಲ್ಲದಿದ್ದರೆ ಪ್ರಕರಣ ನಡೆಸುವುದು ಕಷ್ಟ ಎಂದು ವಕೀಲರು ಮೊದಲೇ ಹೇಳಿದ್ದರು. ಸಹಾಯಕರು ಹುಡುಕಿ ತಂದರು. ವಕೀಲರು ಓದಿ ಸಾಲದು ಎಂದರು. ಪ್ರಶ್ನೆ ತಿದ್ದಿ ಮತ್ತೆ ಹುಡುಕಿದರು. ಕೊನೆಗೆ ಮುಕ್ಕಾಲು ಪಾಲು ಕೈಗೆ ಬಂದಿದೆ ಎಂದು ವಕೀಲರಿಗೆ ಸಮಾಧಾನವಾಯಿತು. ಆಮೇಲೆ ಸಂಶೋಧಕರು, ಸಿಗದೇ ಉಳಿದ ರಾಶಿಯಿಂದಲೂ ಮಾದರಿಗಳನ್ನು ಎತ್ತಿ, ಎಲ್ಲಿಂದ ಬಂದದ್ದೆಂದು ತಿಳಿಸದೆ ಅದೇ ವಕೀಲರ ಮುಂದಿಟ್ಟರು. ಲೆಕ್ಕ ಹಾಕಿದಾಗ ಅವರ ಕೈಗೆ ಬಂದದ್ದು ಸರಾಸರಿ ಶೇ 20 ಎಂದು ತಿಳಿಯಿತು. ಐದರಲ್ಲಿ ನಾಲ್ಕು ಒಳಗೇ ಉಳಿದಿದ್ದವು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಹುಡುಕಿದಾಗ ಬಂದವುಗಳಲ್ಲಿ ಶೇ 79ರಷ್ಟು ಕೆಲಸಕ್ಕೆ ಬರುವಂಥವೇ ಆಗಿದ್ದವು. ಮೋಸ ಹುಟ್ಟುವುದು ಇಲ್ಲಿಯೇ. ತೆರೆದ ಕಾಗದವೆಲ್ಲ ಸರಿಯಾಗಿಯೇ ಇದ್ದರೆ ಯಾರಿಗೆ ಅನುಮಾನ ಬಂದೀತು? ಕಸ ಬಂದರೆ ಗೊತ್ತಾಗುತ್ತದೆ, ಬೈಯುತ್ತೇವೆ. ಬಾರದ ಕಾಗದಕ್ಕೆ ಬೈಯಲು ಅದು ಇದೆ ಎಂದಾದರೂ ಗೊತ್ತಿರಬೇಕಲ್ಲ.

ಏಕೆ ಹೀಗಾಯಿತು ಎನ್ನುವ ಭಾಗ ಅಂಕಿಗಳಿಗಿಂತ ರುಚಿಯಾದದ್ದು. ದಾವೆಯ ನಡುವೆ ಒಂದು ಅಪಘಾತವಿತ್ತು. ಅದನ್ನು ಟೀಕಿಸಿ, ತಪ್ಪು ಹೊರಿಸಿ ಬರೆದವರು ನೇರವಾಗಿ ಅಪಘಾತ ಎಂದೇ ಬರೆದಿದ್ದರು. ಹೊಣೆ ಯಾರ ತಲೆಗೆ ಬರಲಿತ್ತೋ ಅವರು ತಮ್ಮ ಪತ್ರಗಳಲ್ಲಿ ಘಟನೆ, ಪರಿಸ್ಥಿತಿ, ಸಮಸ್ಯೆ, ತೊಂದರೆ ಎಂದು ಬರೆದುಕೊಂಡಿದ್ದರು. ಕೆಲವರು ಅಷ್ಟನ್ನೂ ಬರೆಯದೆ, ನಿಮ್ಮ ಹಿಂದಿನ ಪತ್ರದ ವಿಷಯ ಎಂದು ಸೂಚಿಸಿ ಮುಂದೆ ಹೋಗಿದ್ದರು. ‘ಅಪಘಾತ’ ಎಂದು ಹುಡುಕಿದವನಿಗೆ ಆ ಪತ್ರಗಳು ಸಿಗುವುದು ಹೇಗೆ? ಯಾವ ಪದ ಬಳಸುತ್ತಾನೆ ಎನ್ನುವುದು ನಿಘಂಟಿಗಿಂತ ಹೆಚ್ಚಾಗಿ ಆ ಮನುಷ್ಯ ಯಾವ ಕಡೆ ನಿಂತಿದ್ದಾನೆ ಎನ್ನುವುದರ ಮೇಲೆ ನಿಂತಿರುತ್ತದೆ. ಬ್ಲೇರ್ ಮುಂದೆ ವಿಟ್‌ಗೆನ್‌ಸ್ಟೈನ್‌ನ ತತ್ವಶಾಸ್ತ್ರದ ಕಡೆ ಹೊರಳಿ, ಅರ್ಥ ಪದದೊಳಗಿಲ್ಲ, ಬಳಕೆಯಲ್ಲಿದೆ ಎಂಬ ವಿಚಾರದ ಮೇಲೆ ಇಡೀ ಮಾಹಿತಿ ಹುಡುಕಾಟದ ಶಾಸ್ತ್ರವನ್ನು ಮರುಪರಿಶೀಲಿಸಿದ್ದು ನನಗೆ ಆಶ್ಚರ್ಯ ಹುಟ್ಟಿಸುವುದಿಲ್ಲ. ಆ ವಕೀಲರ ಕಡತಗಳನ್ನು ನೋಡಿದ ಮೇಲೆ ಬೇರೆ ದಾರಿಯಾದರೂ ಏನಿತ್ತು?

ಈ ಅಧ್ಯಯನಕ್ಕೆ ವಿರೋಧವೂ ಬಂತು. ಈ ಶಾಸ್ತ್ರದ ದೊಡ್ಡ ಹೆಸರಾದ ಕಾರ್ನೆಲ್ ವಿಶ್ವವಿದ್ಯಾಲಯದ ಜೆರಾರ್ಡ್ ಸಾಲ್ಟನ್, ಮನುಷ್ಯರು ಕೂತು ಸೂಚಿ ತಯಾರಿಸಿದರೂ ಫಲಿತಾಂಶ ಇದಕ್ಕಿಂತ ಉತ್ತಮವಾಗಿರುತ್ತದೆಂಬ ಖಾತ್ರಿಯಿಲ್ಲ ಎಂದು ಮರುವರ್ಷ ಉತ್ತರ ಕೊಟ್ಟರು. ಅದು ಒಪ್ಪತಕ್ಕ ಮಾತು. ಮನುಷ್ಯರ ಸೂಚಿಯೇ ಪರಮಪವಿತ್ರ ಎಂದು ನಾನೂ ಹೇಳುತ್ತಿಲ್ಲ. ಅಳೆಯದೆ ನಂಬಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಈಗ ನಮ್ಮ ಕಂದಾಯ ಕಚೇರಿಯ ದಾಖಲೆ ಕೋಣೆಗೆ ಬನ್ನಿ. ಮಲೆನಾಡಿನಲ್ಲಿ ಒಬ್ಬ ರೈತ ಉಳುತ್ತಿರುವ ಎರಡು ಎಕರೆ ಇದೆ ಎನ್ನಿ. ಅವನ ಅರ್ಜಿಯಲ್ಲಿ ಅದು ಸಾಗುವಳಿ. ನಮೂನೆ 50, 53, 57ರ ಅರ್ಜಿ ಕಡತಗಳಲ್ಲಿ ಅದು ಬಗರ್‌ಹುಕುಂ (ಅಪ್ಪಣೆಯಿಲ್ಲದೆ ಸರ್ಕಾರಿ ನೆಲದಲ್ಲಿ ಮಾಡಿದ ಸಾಗುವಳಿ), ಶಾಸಕರ ಭಾಷಣದಲ್ಲಿ ಅಕ್ರಮ-ಸಕ್ರಮ, ಅಜ್ಜನ ಕಾಲದ ಕಾಗದದಲ್ಲಿ ದರಖಾಸ್ತು. ಅರಣ್ಯ ಇಲಾಖೆಯ ನೋಟಿಸಿಗೆ ಬಂದರೆ ಅದೇ ನೆಲ ಒತ್ತುವರಿ. ಹಳೆಯ ದಾಖಲೆ ತೆಗೆದರೆ ಕಾನು ಎಂದೋ ಸೊಪ್ಪಿನ ಬೆಟ್ಟ ಎಂದೋ ಇರುತ್ತದೆ. ಘಟ್ಟದ ಕೆಳಗೆ ಕುಮ್ಕಿಯ (ಕೃಷಿ ಜಮೀನಿಗೆ ತಾಗಿದ ಸರ್ಕಾರಿ ನೆಲದ) ಪ್ರಶ್ನೆ, ಕೊಡಗಿನಲ್ಲಿ ಬಾಣೆಯ (ಗದ್ದೆಗೆ ಸೇರಿದ ಕಾಡು ನೆಲದ) ಪ್ರಶ್ನೆ. ಕಾನೂನಿನ ಕಣ್ಣಿಗೆ ಇವೆಲ್ಲ ಒಂದೇ ಅಲ್ಲ, ಒಂದೊಂದರ ಹಿಂದೆ ಬೇರೆ ಬೇರೆ ಹಕ್ಕಿನ ಇತಿಹಾಸವಿದೆ. ಆದರೆ ಆ ಎರಡು ಎಕರೆಯ ಮೇಲೆ ನಡೆದದ್ದನ್ನೆಲ್ಲ ತಿಳಿಯಬೇಕಾದ ರೈತನಿಗೆ ಎಲ್ಲ ಕಾಗದವೂ ಬೇಕು. ‘ಸಾಗುವಳಿ’ ಎಂದು ಹುಡುಕಿ ಹನ್ನೆರಡು ಕಾಗದ ಬಂದರೆ ಅವನು ಖುಷಿಯಾಗಿ ಮನೆಗೆ ಹೋಗುತ್ತಾನೆ. ಅವನ ವಿರುದ್ಧ ಇರುವ ಹದಿಮೂರನೆಯದು ‘ಒತ್ತುವರಿ’ಯ ಕೆಳಗೆ ಕೂತಿರುತ್ತದೆ.

“ಅದೆಲ್ಲ ಪದ ಹೊಂದಿಸುವ ಕಾಲದ ಕಥೆ, ಈಗಿನದು ಅರ್ಥ ಹಿಡಿಯುವ ಹುಡುಕಾಟ” ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಆ ಅರ್ಥ ಎಲ್ಲಿಂದ ಬರುತ್ತದೆ ನೋಡೋಣ. ಒಂದು ಪದವನ್ನು ಅದರ ಸಹವಾಸದಿಂದ ಗುರುತಿಸಬೇಕು ಎಂದು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದರು. 2013ರಲ್ಲಿ ಗೂಗಲ್‌ನವರು ತಂದ ವರ್ಡ್‌ಟುವೆಕ್ ಎಂಬ ತಂತ್ರ ಆ ವಿಚಾರವನ್ನೇ ಲೆಕ್ಕಕ್ಕಿಳಿಸಿತು: ಒಂದೇ ಬಗೆಯ ನೆರೆಹೊರೆಯಲ್ಲಿ ಬರುವ ಪದಗಳಿಗೆ ಹತ್ತಿರ ಹತ್ತಿರದ ಅಂಕಿಗಳು. ಅದರ ನಂತರ ಗೂಗಲ್‌ನವರೇ ತಂದ ಬರ್ಟ್ ಎಂಬ ಭಾಷಾ ಮಾದರಿ ವಾಕ್ಯದ ಸಂದರ್ಭವನ್ನೂ ಹಿಡಿಯಿತು. 2019ರಿಂದ ಗೂಗಲ್ ಹುಡುಕಾಟದೊಳಗೂ ಅದು ಸೇರಿಕೊಂಡಿತು. (ಸಹವಾಸದಿಂದ ಅರ್ಥ ನಿರ್ಣಯವಾಗುವುದನ್ನು ಪ್ರಾಚೀನ ವೈಯಾಕರಣ ಭರ್ತೃಹರಿ ವಾಕ್ಯಪದೀಯದಲ್ಲಿ ಚರ್ಚಿಸಿದ್ದಾನೆ. ಹಾಗೆಂದು ನಮ್ಮವರೇ ಗೂಗಲ್ ಕಂಡುಹಿಡಿದರು ಎಂದು ಯಾರೂ ಕಾಮೆಂಟ್ ಹಾಕಬೇಡಿ, ಅಳಿಸುತ್ತೇನೆ.)

ಇದು ದೊಡ್ಡ ಸಾಧನೆ, ಸಂದೇಹವಿಲ್ಲ. ಅಪಘಾತ, ಅವಘಡ, ದುರ್ಘಟನೆ ಇವುಗಳನ್ನು ಈ ವಿಧಾನ ಚೆನ್ನಾಗಿ ಒಟ್ಟುಗೂಡಿಸುತ್ತದೆ, ಏಕೆಂದರೆ ಮೂರೂ ಒಂದೇ ಬಗೆಯ ವರದಿಗಳಲ್ಲಿ ಬರುತ್ತವೆ. ಸಾಗುವಳಿಯ ಸುತ್ತ ಇರುವ ಪದಗಳು ರಾಗಿ, ಫಸಲು, ಕುಟುಂಬ, ಸಮಿತಿ, ಚೀಟಿ. ಒತ್ತುವರಿಯ ಸುತ್ತ ಇರುವವು ತೆರವು, ಮೊಕದ್ದಮೆ, ಮೀಸಲು ಅರಣ್ಯ, ವಲಯ ಅರಣ್ಯಾಧಿಕಾರಿ. ನೆರೆಹೊರೆಯೇ ಬೇರೆ. ಎರಡು ಇಲಾಖೆಗಳು ಒಂದರ ಮಾತನ್ನು ಇನ್ನೊಂದು ಆಡುವುದಿಲ್ಲವಾದ್ದರಿಂದ, ಸಹವಾಸ ನೋಡಿ ಅರ್ಥ ಹಿಡಿಯುವ ಯಂತ್ರಕ್ಕೆ ಎರಡೂ ಒಂದೇ ನೆಲದ ಸುದ್ದಿ ಎಂದು ಹೊಳೆಯುವುದು ಕಷ್ಟ. ಇದಕ್ಕೆ ತದ್ವಿರುದ್ಧವಾದ ತೊಡಕೂ ಇದೆ. ‘ಮಂಜೂರಾಗಿದೆ’ ಮತ್ತು ‘ತಿರಸ್ಕೃತವಾಗಿದೆ’ ಎರಡರ ಅಕ್ಕಪಕ್ಕದಲ್ಲೂ ಅದೇ ಅರ್ಜಿ, ಅದೇ ಸಮಿತಿ, ಅದೇ ತಹಶೀಲ್ದಾರ್. ಲೆಕ್ಕದಲ್ಲಿ ಅವು ಅಕ್ಕತಂಗಿಯರ ಹಾಗೆ ಹತ್ತಿರ ಕೂರುತ್ತವೆ. ಅರ್ಜಿದಾರನ ಪಾಲಿಗೆ ಅವೆರಡರ ನಡುವೆ ಇಡೀ ಬದುಕಿದೆ.

ಕನ್ನಡದ ಸ್ವಂತ ತೊಡಕುಗಳೂ ಇವೆ, ಅವನ್ನು ಹೆಚ್ಚು ಎಳೆಯುವುದಿಲ್ಲ. ವಿಭಕ್ತಿ ಪದಕ್ಕೆ ಅಂಟಿಕೊಳ್ಳುತ್ತದೆ, ಸಂಧಿಯಲ್ಲಿ ‘ಕಾಲ’ ಎಂಬುದು ‘ಮಳೆಗಾಲ’ದೊಳಗೆ ‘ಗಾಲ’ವಾಗುತ್ತದೆ. ‘ಬರ’ ಎಂದು ಹುಡುಕಿ ಪ್ರತ್ಯಯಗಳಿಗೂ ಅವಕಾಶ ಕೊಟ್ಟರೆ ‘ಬರಬೇಕು’, ‘ಬರಹ’ಗಳೆಲ್ಲ ಬಂದು ಬೀಳುತ್ತವೆ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳನ್ನು ಪರಿವರ್ತಿಸದಿದ್ದರೆ ಯಂತ್ರಕ್ಕೆ ಅವು ಕನ್ನಡವೇ ಅಲ್ಲ. ಇವುಗಳಿಗೆಲ್ಲ ತಂತ್ರಜ್ಞರ ಬಳಿ ಮದ್ದಿದೆ. ನಿಂತ ಕಡೆಗೆ ತಕ್ಕಂತೆ ಹೆಸರು ಬದಲಾಗುವ ರೋಗಕ್ಕೆ ಆ ಮದ್ದು ತಾಗುವುದಿಲ್ಲ.

ನಾನು ವೃತ್ತಿಜೀವನದ ಬಹುಭಾಗವನ್ನು ಒಂದು ಪತ್ರಿಕೆಯ ಗ್ರಂಥಾಲಯದಲ್ಲಿ ಸುದ್ದಿ ತುಣುಕು ಕತ್ತರಿಸಿ, ಲಕೋಟೆಗೆ ಹಾಕಿ, ಮೇಲೆ ವಿಷಯ ಶೀರ್ಷಿಕೆ ಬರೆಯುತ್ತ ಕಳೆದವನು. ‘ಮಲ ಹೊರುವ ಪದ್ಧತಿ’ ಎಂಬ ದಪ್ಪ ಲಕೋಟೆಯೊಂದಿತ್ತು. ಒಳಗಿನ ಎಷ್ಟೋ ತುಣುಕುಗಳಲ್ಲಿ ಆ ಶಬ್ದವೇ ಇರಲಿಲ್ಲ. ‘ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸಾವು’ ಎಂದು ಒಳಪುಟದಲ್ಲಿ ನಾಲ್ಕು ಸಾಲು, ಅಷ್ಟೇ. ಅದನ್ನು ಆ ಲಕೋಟೆಗೆ ಸೇರಿಸಿದ್ದು ಗ್ರಂಥಾಲಯದವರ ತೀರ್ಮಾನ. ಲಕೋಟೆಯ ಮೂಲೆಯಲ್ಲಿ ‘ಇದನ್ನೂ ನೋಡಿ: ಪೌರಕಾರ್ಮಿಕರು, ಒಳಚರಂಡಿ, ಗುತ್ತಿಗೆ ಪದ್ಧತಿ’ ಎಂದು ಬರೆದದ್ದೂ ಅವರೇ. ಎಲ್ಲವನ್ನೂ ಸ್ಕ್ಯಾನ್ ಮಾಡಿದಾಗ ತುಣುಕುಗಳು ಕಂಪ್ಯೂಟರಿಗೆ ಹೋದವು, ಲಕೋಟೆಗಳು ರದ್ದಿಗೆ ಹೋದವು. ಲಕೋಟೆಯ ಮೇಲಿನ ಬರಹವೂ ಮಾಹಿತಿಯೇ ಎಂದು ವಾದಿಸಿದೆ. ನಕ್ಕರು.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಬಂದು ನೆಲೆಸಿದ ಊರು ಬೆಂಗಳೂರು. ಒಂದು ವಿಷಯವನ್ನು ಹಲವು ಮುಖಗಳಿಂದ ಗುರುತಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿಯೇ ಪ್ರಕಟಿಸಿದವರು, 1962ರಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ್ದೂ ಇದೇ ಊರಿನಲ್ಲಿ. ಅಂಥ ಊರಿನಲ್ಲಿ ಲಕೋಟೆ ರದ್ದಿಗೆ ಹೋಯಿತಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಆದ್ದರಿಂದ ಕಡತಗಳ ಹುಡುಕಾಟಕ್ಕೆ ಟೆಂಡರ್ ಕರೆಯುವವರಿಗೆ ಎರಡು ಬೇಡಿಕೆ. ಒಂದು, ಪ್ರಾತ್ಯಕ್ಷಿಕೆಯ ಬದಲು ಪರೀಕ್ಷೆ ಇಡಿ. ಹಳೆಯ ಗುಮಾಸ್ತರು, ಸರ್ವೆಯರ್‌ಗಳು, ಶಿರಸ್ತೇದಾರರನ್ನು ಕೂರಿಸಿ, ಕೆಲವು ಪ್ರಕರಣಗಳಿಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ಕೈಯಿಂದಲೇ ಹುಡುಕಿಸಿಡಿ; ಆಮೇಲೆ ತಂತ್ರಾಂಶ ಅದರಲ್ಲಿ ಎಷ್ಟು ತಂದಿತು, ಎಷ್ಟು ಬಿಟ್ಟಿತು ಎಂದು ಎಣಿಸಿ, ಬಿಟ್ಟದ್ದರ ಲೆಕ್ಕವನ್ನು ಪ್ರಕಟಿಸಿ. ಎರಡು, ಕಡತದ ಹೊರಹೊದಿಕೆ, ರಿಜಿಸ್ಟರ್, ಅಂಚಿನ ಟಿಪ್ಪಣಿ ಯಾವುದನ್ನೂ ಸ್ಕ್ಯಾನ್ ಮಾಡದೆ ಬಿಡಬೇಡಿ.

ಕಂದಾಯ, ಅರಣ್ಯ, ಸರ್ವೆ ಇಲಾಖೆಗಳಲ್ಲಿ ದುಡಿದವರು ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇದ್ದರೆ ಒಂದು ಸಹಾಯ ಮಾಡಿ. ನಿಮ್ಮ ತಾಲ್ಲೂಕಿನ ಕಾಗದಪತ್ರಗಳಲ್ಲಿ ಇಂಥ ಭೂಮಿಗೆ ಯಾವ ಯಾವ ಹೆಸರು ನೋಡಿದ್ದೀರಿ, ಯಾವ ಕಚೇರಿ ಯಾವ ಹೆಸರು ಬರೆಯುತ್ತಿತ್ತು ಎಂಬುದನ್ನು ಕೆಳಗೆ ತಿಳಿಸಿ. ತಾಲ್ಲೂಕಿನ ಹೆಸರು ಸಾಕು, ಸರ್ವೆ ನಂಬರ್ ಬೇಡ.