ಊರಿನ ಅಂಬಾಸಿಡರ್ ಅಮೆರಿಕಕ್ಕೆ ತರಿಸ್ತೀನಿ ಅನ್ನೋರಿಗೆ

ಊರ ಮನೆಯ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಅಂಬಾಸಿಡರ್ ಮೇಲೆ ಅಮೆರಿಕದಲ್ಲಿರುವ ನಮ್ಮವರಿಗೆ ಈಗೀಗ ಮನಸ್ಸಾಗಿದೆ. "25 ವರ್ಷ ದಾಟಿದೆಯಲ್ಲ, ತರಬಹುದಂತೆ" ಅಂತ ಸೀದಾ ಹಡಗಿನ ಬಾಡಿಗೆ ವಿಚಾರಿಸೋಕೆ ಹೊರಡ್ತಾರೆ. ಇದು ಉಲ್ಟಾ ಲೆಕ್ಕ. ಮೊದಲು ನೀವಿರುವ ರಾಜ್ಯದ ಡಿಎಂವಿ (ಅಲ್ಲಿನ ವಾಹನ ನೋಂದಣಿ ಕಚೇರಿ), ಆಮೇಲೆ ಊರಿನ ಆರ್‌ಸಿ, ಹಡಗಿನ ಮಾತು ಕೊನೆಗೆ.

ಕ್ಯಾಲಿಫೋರ್ನಿಯಾದವರು ಆಸೆ ಬಿಡೋದೇ ಒಳ್ಳೇದು. ಅಮೆರಿಕದ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮದಿಂದ 25 ವರ್ಷದ ಗಾಡಿಗೂ, ಹೊಗೆ ನಿಯಮದಿಂದ 21 ವರ್ಷದ ಗಾಡಿಗೂ ವಿನಾಯಿತಿ ಇದೆ, ನಿಜ. ಆದರೆ ಕ್ಯಾಲಿಫೋರ್ನಿಯಾ ಹೊಗೆ ತಪಾಸಣೆಯಿಂದ ಬಿಡೋದು ಪೆಟ್ರೋಲ್ ಗಾಡಿಗಳಲ್ಲಿ 1975 ಮತ್ತು ಅದಕ್ಕಿಂತ ಹಳೆಯವನ್ನು ಮಾತ್ರ. 1996ರದ್ದು ತಂದರೆ ಪರವಾನಗಿ ಇರುವ ಲ್ಯಾಬಿನಲ್ಲಿ ಮಾರ್ಪಾಡು ಮಾಡಿಸಿ ಪಾಸಾಗಬೇಕು. ಆ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತೆ.

25 ವರ್ಷದ ಎಣಿಕೆ ನೋಂದಣಿ ದಿನದಿಂದ ಅಲ್ಲ, ತಯಾರಾದ ತಿಂಗಳಿನಿಂದ. ನಮ್ಮ ಆರ್‌ಸಿಯಲ್ಲಿ ಆ ತಿಂಗಳು-ವರ್ಷ ನಮೂದಾಗಿರೋದು ದೊಡ್ಡ ಅನುಕೂಲ. ಅದೇ ಆರ್‌ಸಿ ಅಲ್ಲಿ ಮಾಲೀಕತ್ವದ ಪುರಾವೆಯೂ ಹೌದು, ಆದ್ದರಿಂದ ಒಂದೊಂದು ಸಾಲೂ ಸರಿಯಿರಬೇಕು. ಗಾಡಿ ತೀರಿಹೋದವರ ಹೆಸರಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31. ತೀರಿಸಿ ಮರೆತ ಸಾಲದ ಹೈಪಾಥಿಕೇಶನ್ (ಸಾಲ ಕೊಟ್ಟವರ ಹಕ್ಕಿನ ನಮೂದು) ಇನ್ನೂ ಕೂತಿದ್ದರೆ ಅದನ್ನು ತೆಗೆಸೋಕೆ ಫಾರಂ 35. ಹದಿನೈದು ವರ್ಷದ ಅವಧಿ ಮುಗಿದಿದ್ದರೆ ಫಾರಂ 25ರಲ್ಲಿ ನವೀಕರಣ. ಆಮೇಲೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀರಿ. ಅದನ್ನು ಆರ್‌ಸಿ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಓದಿ. ಸೊನ್ನೆ ಇರುವ ಕಡೆ 'ಓ', ಒಂದಿರುವ ಕಡೆ 'ಐ' ಬರೆದಿದ್ದರೆ ಆರ್‌ಟಿಓದಲ್ಲೇ ತಿದ್ದಿಸಿ. ಹಳೆಯ ಗಾಡಿಗೆ 17 ಅಕ್ಷರದ ನಂಬರ್ ಇರಲ್ಲ, ಡಿಎಂವಿ ಕಂಪ್ಯೂಟರ್ ಮೊದಲೇ ತಕರಾರು ತೆಗೆಯುತ್ತೆ. ಅದರ ಮೇಲೆ ಕಾಗದವೂ ಲೋಹವೂ ಬೇರೆ ಬೇರೆ ಹೇಳಿದರೆ ಫೈಲು ಅಲ್ಲೇ ಕೂತುಬಿಡುತ್ತೆ.

ಯಾರೂ ಕೇಳದ ಪ್ರಶ್ನೆ ಇಂಜಿನ್ನಿನದು. 21 ವರ್ಷದ ವಿನಾಯಿತಿ (ಅಮೆರಿಕದ ಪರಿಸರ ಇಲಾಖೆಯ 3520-1 ಫಾರಮ್ಮಿನ 'ಇ' ಕೋಡ್) ಸಿಗೋದು ಗಾಡಿ ಮೂಲ ರೂಪದಲ್ಲಿದ್ದರೆ ಮಾತ್ರ. ನಮ್ಮಲ್ಲಿ 1489 ಸಿಸಿ ಪೆಟ್ರೋಲ್ ಇಂಜಿನ್ ಇಳಿಸಿ ಮೆಟಡೋರ್ ಡೀಸೆಲ್ ಕೂರಿಸಿದ ಅಂಬಾಸಿಡರ್‌ಗಳಿಗೆ ಲೆಕ್ಕವಿಲ್ಲ. ಗ್ಯಾಸ್ ಕಿಟ್ ಹಾಕಿಸಿದವೂ ಇವೆ. ಅಂಥದ್ದಕ್ಕೆ 'ಇ' ಬರೆದು ಸಹಿ ಹಾಕಿದರೆ ಅದು ಕಸ್ಟಮ್ಸ್ ಮುಂದೆ ಸುಳ್ಳು ಹೇಳಿಕೆ. "ಮೈಲೇಜಿಗೆ ಅಂತ ಹಾಕಿಸಿದ್ದು ಸಾರ್" ಅಂದರೆ ಕೇಳೋರಿಲ್ಲ.

ಕಂಟೇನರ್ ಇಪ್ಪತ್ತು ಅಡಿಯದು ಸಾಕು. ಹಡಗಿಗೆ ಏರಿಸುವ 24 ಗಂಟೆ ಮೊದಲು ಅಮೆರಿಕದ ಕಸ್ಟಮ್ಸ್ ಬ್ರೋಕರ್ ಐಎಸ್‌ಎಫ್ (ಸರಕಿನ ಮುಂಗಡ ವಿವರ) ಸಲ್ಲಿಸಿರಬೇಕು. ತಪ್ಪಿದರೆ 5,000 ಡಾಲರ್ ತನಕ ದಂಡ. ಅಡಿಭಾಗ, ಚಕ್ರದ ಗೂಡು, ಸ್ಟೆಪ್ನಿ ಇಡುವ ಜಾಗ ಎಲ್ಲಾ ಸ್ಟೀಮ್ ವಾಶ್ ಮಾಡಿಸಿ. ಊರಿನ ಕೆಮ್ಮಣ್ಣು ನಮಗೆ ಪವಿತ್ರ ಇರಬಹುದು, ಅವರ ಕೃಷಿ ಇಲಾಖೆಗೆ ಅದು ರೋಗ ಹರಡುವ ಮಣ್ಣು. ಡಿಕ್ಕಿಯಲ್ಲಿ ಉಪ್ಪಿನಕಾಯಿ ಭರಣಿ ತುರುಕೋ ಆಸೆಯನ್ನೂ ಬಿಡಿ.

ಕಾರಿಗೆ ಮೂಲ ಸುಂಕ 2.5%, ಪಿಕಪ್ ಆದರೆ 1964ರಿಂದ ಇರೋ 25%. ಈಚಿನ ಹೊಸ ಸುಂಕಗಳು ಸೇರುತ್ತವೋ ಇಲ್ಲವೋ ಅಂತ ಬುಕ್ ಮಾಡುವ ವಾರವೇ ಬ್ರೋಕರ್ ಹತ್ತಿರ ಬರವಣಿಗೆಯಲ್ಲಿ ಕೇಳಿ. ಎಚ್‌ಎಸ್-7 ಫಾರಮ್ಮಿನಲ್ಲಿ (ಸುರಕ್ಷತಾ ನಿಯಮದ್ದು) 25 ವರ್ಷ ದಾಟಿದ ಗಾಡಿಗಿರುವ ಮೊದಲ ಚೌಕಕ್ಕೆ ಗುರುತು ಹಾಕಿ. ಗಾಡಿ ಬಿಡಿಸಿಕೊಂಡ ಖುಷಿಯಲ್ಲಿ ಕಸ್ಟಮ್ಸಿನ 7501 ಫಾರಮ್ಮಿನ (ಆಮದಿನ ದಾಖಲೆ) ಪ್ರತಿ ಇಸ್ಕೊಳ್ಳೋದನ್ನ ಮರೀಬೇಡಿ, ಡಿಎಂವಿಯಲ್ಲಿ ಮೊದಲು ಕೇಳೋದೇ ಅದನ್ನ.

ರಸ್ತೆಗಿಳಿಸೋ ಮುಂಚೆ ಹೆಡ್‌ಲೈಟ್ ಬದಲಿಸಿ. ನಮ್ಮದು ಎಡಬದಿಯ ಸಂಚಾರಕ್ಕೆ ಮಾಡಿದ್ದು, ಡಿಮ್ ಮಾಡಿದಾಗಲೂ ಬೆಳಕು ಎಡಕ್ಕೆ ಏರುತ್ತೆ. ಅಲ್ಲಿ ಎದುರಿನವರು ಬರೋದೇ ಎಡಗಡೆಯಿಂದ. ಅಂಬಾಸಿಡರ್‌ಗೆ ಇರೋದು ಏಳು ಇಂಚಿನ ದುಂಡು ಲೈಟು, ಅದೇ ಅಳತೆಯ ಅಮೆರಿಕನ್ ಲೈಟು ಅಲ್ಲಿನ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತೆ.