ಇಳಿಯುವುದಕ್ಕೂ ತಯಾರಿ ಬೇಕು

ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿದರೆ ಕುಮಾರ ಪರ್ವತದ ಟ್ರೆಕ್ಕಿಗೆ ಸಾಕು, ಗೈಡ್ ಇರುತ್ತಾರಲ್ಲ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಶಿಖರ 1,712 ಮೀಟರ್. ಕುಕ್ಕೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಹತ್ತಬೇಕು, ಅಷ್ಟನ್ನೂ ಇಳಿಯಬೇಕು ಅಲ್ವಾ? ಹತ್ತುವಾಗ ನನಗೆ ಏನೂ ಆಗಲಿಲ್ಲ. ಇಳಿಯುವಾಗ, ದಾರಿ ಮಧ್ಯೆ ಸಿಗುವ ಭಟ್ಟರ ಮನೆ ದಾಟಿದ ಮೇಲೆ, ಬೇರು ಕಲ್ಲುಗಳ ಕಾಡುದಾರಿಯಲ್ಲಿ ಮಂಡಿ ಗಡಗಡ ನಡುಗಿತು. ಹೊಸ ಶೂ ಬೇರೆ, ಹೆಬ್ಬೆರಳಿನ ಉಗುರು ಕಪ್ಪಾಗಿ ಆಮೇಲೆ ಬಿದ್ದೇ ಹೋಯಿತು. ಮುಂದಿನ ಸಲ ಎರಡು ತಿಂಗಳು ಮೊದಲೇ ಏಳೆಂಟು ಕೆಜಿ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ಇಳಿದೆ. ಮಂಡಿ ತಡೆದುಕೊಂಡಿತು.

ಇನ್ನೊಂದು, ಉಬ್ಬಸ ಇದ್ದರೆ ಗೈಡ್ ಹತ್ತಿರ ಮೊದಲೇ ಹೇಳಿ. ನಮ್ಮ ಗುಂಪಿನ ಒಬ್ಬರು ಮುಚ್ಚಿಟ್ಟಿದ್ದರು, ಇನ್‌ಹೇಲರ್ ರೂಮಲ್ಲೇ ಬಿಟ್ಟು ಬಂದಿದ್ದರು. ಶಿಖರಕ್ಕಿಂತ ಮೊದಲು ಸಿಗುವ ಶೇಷ ಪರ್ವತದ ಹತ್ತಿರ ಅವರಿಗೆ ಉಸಿರು ಕಟ್ಟಿದಾಗ ಗೈಡ್ ತಾನೇ ಏನು ಮಾಡಬೇಕು?